ಅಕ್ಕನ ಕಿವಿಗೆ ಒಪ್ಪಿದ ಕಂಪ್ರೆಸರ್

ನಾನು ಮೊದಲ ಕಂಪ್ರೆಸರ್ ಕೊಂಡದ್ದು ನಿವೃತ್ತಿಯಾದ ತಿಂಗಳಲ್ಲೇ. ರಾಯಬಾಗದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ಕಲಿಸಿ ದಣಿದವಳು, ಇನ್ನಾದರೂ ನನಗೆ ಬೇಕಾದ ಚಿತ್ರ ಬರೆಯಬೇಕು ಎಂದುಕೊಂಡಿದ್ದೆ. ಬೇಕಾದ ಚಿತ್ರ ಎಂದರೆ ದ್ರಾಕ್ಷಿ. ಅಥಣಿ ಕಡೆಯ ತೋಟಗಳನ್ನು ನೋಡಿದವರಿಗೆ ಗೊತ್ತಿರುತ್ತದೆ, ಬಳ್ಳಿಯಲ್ಲಿರುವ ಹಣ್ಣಿನ ಮೇಲೆ ತೆಳ್ಳಗೆ ಬಿಳಿ ಪುಡಿ ಕೂತಿರುತ್ತದೆ. ಬೆರಳು ತಾಗಿದರೆ ಅಳಿಸಿಹೋಗುತ್ತದೆ. ಅದನ್ನು ಕುಂಚದಲ್ಲಿ ತರಲು ಎಷ್ಟೋ ವರ್ಷ ಹೆಣಗಿದ್ದೆ. ಎಷ್ಟು ನೀರು ಬೆರೆಸಿದರೂ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಏರ್ ಬ್ರಶ್ ಎಂಬ ಪೆನ್ನಿನಂಥ ಸಾಧನದಿಂದ ಬಣ್ಣವನ್ನು ಮಂಜಿನಂತೆ ಹಾರಿಸಬಹುದು ಎಂದು ಫೋನಿನಲ್ಲಿ ನೋಡಿ ಅದನ್ನು ತರಿಸಿಕೊಂಡೆ. ಅದಕ್ಕೆ ಗಾಳಿ ಕೊಡಲು ಕಂಪ್ರೆಸರ್ ಬೇಕಿತ್ತು. ನಮ್ಮೂರು ಚಿಕ್ಕೋಡಿಯ ಒಂದು ಅಂಗಡಿಗೆ ಹೋಗಿ, ಕೇಳಬೇಕಾದ ಮಾತು ಒಂದನ್ನೂ ಕೇಳದೆ, ಗಾಡಿಯ ಗಾಲಿಗೆ ಗಾಳಿ ಹೊಡೆಯುವಂಥದ್ದನ್ನು ರಿಕ್ಷಾದಲ್ಲಿ ಹಾಕಿಸಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಆಗ ಇದ್ದವರು ಇಬ್ಬರೇ. ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅಣ್ಣತಮ್ಮಂದಿರಿಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಹೋಗಿದ್ದರು. ಅಕ್ಕನ ಒಬ್ಬಳೇ ಮಗಳು ಲಗ್ನವಾಗಿ ಇಚಲಕರಂಜಿಯಲ್ಲಿದ್ದಳು. ನನಗೆ ಮಕ್ಕಳಿಲ್ಲ. ಹೀಗೆ, ಒಬ್ಬರನ್ನೊಬ್ಬರು ಆರಿಸಿಕೊಳ್ಳದ ಇಬ್ಬರು ಹೆಂಗಸರು ಒಂದೇ ಸೂರಿನಡಿ ಉಳಿದಿದ್ದೆವು. ಮೂವತ್ತು ವರ್ಷ ಜೊತೆಗಿದ್ದರೂ ನಮ್ಮ ನಡುವೆ ಇದ್ದದ್ದು ಕೆಲಸದ ಮಾತು ಮಾತ್ರ. ಹಾಲು ಬಂತೇ, ಹಿಟ್ಟು ಬೀಸಿಸಬೇಕೇ, ನಾಳೆ ಅಷ್ಟಮಿಯೇ. ನಾನು ಚಿತ್ರ ಬರೆಯುವುದು ಅವರಿಗೆ ಎಂದೂ ಸೇರಿದ್ದಿಲ್ಲ. "ಬಣ್ಣಾ ಬಳಕೊಂತ ಕುಂದ್ರೂದಂದ್ರ ಹೊಟ್ಟಿ ತುಂಬಿದವರ ಕೆಲಸ" ಎಂದು ಯಾರೊಡನೆಯೋ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು.

ಕಂಪ್ರೆಸರನ್ನು ಹಿಂದಿನ ಖೋಲಿಯಲ್ಲಿಟ್ಟೆ. ಅದರ ಗುಣ ಮೊದಲ ದಿನವೇ ತಿಳಿಯಿತು. ಅದರ ಟಾಕಿಯಲ್ಲಿ, ಅಂದರೆ ಟ್ಯಾಂಕಿನಲ್ಲಿ, ಗಾಳಿ ತುಂಬಿದ ಮೇಲೆ ತಾನೇ ನಿಲ್ಲುತ್ತಿತ್ತು. ನಾನು ನಾಲ್ಕು ಹಣ್ಣಿಗೆ ಬಣ್ಣ ಹಾರಿಸುವಷ್ಟರಲ್ಲಿ ಗಾಳಿ ಇಳಿದು, ಹೇಳದೆ ಕೇಳದೆ ಧಡಧಡ ಎಂದು ಮತ್ತೆ ಶುರುವಾಗುತ್ತಿತ್ತು. ಖೋಲಿಯಲ್ಲೇ ಟ್ರ್ಯಾಕ್ಟರ್ ಚಾಲೂ ಮಾಡಿದ ಹಾಗೆ. ನನಗೇ ಮೈ ಝುಂ ಎನ್ನುತ್ತಿತ್ತು. ಆದರೆ ಕಾಗದದ ಮೇಲೆ ಮೊದಲ ಸಲ ಆ ಬಿಳಿ ಪುಡಿ ಬಂದು ಕೂತಾಗ ನಾನು ಎಲ್ಲ ಮರೆತೆ. ಅರವತ್ತು ತುಂಬಿದ ಹೆಂಗಸು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದೆ.

ಪಕ್ಕದ ಖೋಲಿಯಲ್ಲಿ ಅಕ್ಕ ಜಪಕ್ಕೆ ಕೂತಿರುತ್ತಿದ್ದರು. ಒಂದು ವಾರ ಏನೂ ಅನ್ನಲಿಲ್ಲ. ಆಮೇಲೆ ಬಾಗಿಲಿಗೆ ಬಂದು ನಿಂತು ಹೇಳಿದರು.

"ಅದನ್ನ ಬಂದ್ ಮಾಡು. ತಲಿ ಸಿಡಿಯಾಕತ್ತೈತಿ ನನಗ."

"ಹತ್ತ ಮಿನಿಟ್ರಿ ಅಕ್ಕಾ. ಇಷ್ಟ ಮುಗಸತೀನಿ."

ಮರುದಿನ ಮತ್ತೆ ಅದೇ ಮಾತು. ಆ ವಾರವಿಡೀ ಅದೇ ಮಾತು. ತಲೆಗೆ ಹಸಿ ಬಟ್ಟೆ ಕಟ್ಟಿಕೊಂಡು ಓಡಾಡತೊಡಗಿದರು. ನಾನು ಅದನ್ನು ನಾಟಕ ಎಂದುಕೊಂಡೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆದರೆ ಆಗ ನಾನು ಅಂದುಕೊಂಡದ್ದು ಅದೇ. ಮೂವತ್ತು ವರ್ಷ ನನ್ನ ಬಣ್ಣದ ಡಬ್ಬಿಯನ್ನು ಕಂಡರೆ ಮುಖ ತಿರುಗಿಸಿದವರು, ನನಗೆ ಈಗ ಒಂದು ಸಂತೋಷ ಸಿಕ್ಕಿತೆಂದು ತಲೆನೋವು ಹಚ್ಚಿಕೊಂಡಿದ್ದಾರೆ ಎಂದುಕೊಂಡೆ. ಹಟಕ್ಕೆ ಬಿದ್ದು ಎರಡು ಹೊತ್ತೂ ಕಂಪ್ರೆಸರ್ ಹಚ್ಚಿದೆ. ಒಂದು ದಿನ ಅವರು ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟರು. ನಾನು ಅಂಗಳಕ್ಕೆ ಹೋಗಿ, ಓಣಿಗೆ ಕೇಳುವ ಹಾಗೆ ಅಂದೆ:

"ನಾ ಸುಖಾ ಪಡೂದು ನಿಮ್ಮ ಕಣ್ಣಿಗೆ ಬೀಳಬಾರದಲ್ರಿ ಅಕ್ಕಾ? ಅದಕ್ಕ ನಿಮ್ಮ ತಲಿ ನೋಯತೈತಿ."

ಅವರು ಸ್ವಿಚ್ ಮೇಲೆತ್ತಿ ಒಳಗೆ ಹೋದರು. ಅದಾದ ಮೇಲೆ ತಲೆನೋವಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಗೆದ್ದೆ ಎಂದು ತಿಳಿದು ಮೂರು ತಿಂಗಳು ಚಿತ್ರ ಬರೆದೆ.

ಒಂದು ಬೆಳಿಗ್ಗೆ ಬಸದಿಗೆ ಹೋಗಲು ಚಪ್ಪಲಿ ಇಲ್ಲದೆ ಹೊಸ್ತಿಲು ದಾಟಿದವರು ಮೆಟ್ಟಿಲ ಮೇಲೆ ಕುಸಿದರು. ಕೈಯಲ್ಲಿದ್ದ ಅಕ್ಕಿಯೆಲ್ಲ ಚೆಲ್ಲಿತ್ತು. ನಾನು ಎತ್ತಲು ಹೋದರೆ ಅವರ ಎಡಗಣ್ಣು ಒಂದು ಕಡೆ, ಬಲಗಣ್ಣು ಒಂದು ಕಡೆ ನೋಡುತ್ತಿತ್ತು. ಮೊದಲು ಚಿಕ್ಕೋಡಿಯ ಡಾಕ್ಟರು, ಅಲ್ಲಿಂದ ಗಾಡಿ ಮಾಡಿಕೊಂಡು ಮಿರಜಿಗೆ. ಇಚಲಕರಂಜಿಯಿಂದ ಮಗಳು ನೇರವಾಗಿ ಅಲ್ಲಿಗೇ ಬಂದಳು. ಕಿವಿಯ ಹಿಂದೆ, ತಲೆಯೊಳಗೆ ಗಡ್ಡೆ ಬೆಳೆದಿದೆ ಎಂದರು. ಆಪರೇಶನ್ ಆಯಿತು.

ಅಕ್ಕನಿಗೆ ಎಚ್ಚರವಾದ ದಿನ ನಾನು ಡಾಕ್ಟರರ ಹಿಂದೆ ವರಾಂಡದ ತುದಿಯವರೆಗೆ ಹೋದೆ. ಮಗಳು ಕೇಳಿಸಿಕೊಳ್ಳಬಾರದೆಂದು ಸಣ್ಣ ದನಿಯಲ್ಲಿ ಕೇಳಿದೆ.

"ಮನ್ಯಾಗ ನಾ ಒಂದ ಮಷೀನ್ ಹಚ್ಚತಿದ್ದೆ ಸರ್. ಭಾಳ ಅವಾಜ್ ಮಾಡತಿತ್ತು. ಅದರಿಂದ ಹಿಂಗಾತೇನ್ರಿ?"

"ಇಲ್ರಿ. ಅದು ನಾಕೈದ ವರ್ಷದಿಂದ ಬೆಳಕೊಂತ ಬಂದೈತಿ. ಮಷೀನಿಗೂ ಇದಕ್ಕೂ ಸಂಬಂಧ ಇಲ್ಲ."

"ಹಂಗಾರ ತಲಿನೋವು?"

"ತಲಿನೋವು ಇದ್ದಽ ಇರತೈತ್ರಿ. ಅದೂ ಸಣ್ಣದಲ್ಲ. ಅವಾಜ್ ಕೇಳಿದ್ರ ಇನ್ನಷ್ಟ ಜಾಸ್ತಿ ಆಗಿರತೈತಿ. ಮೊದಲಽ ಹೇಳಿರಲಿಲ್ಲೇನು ಅವರು?"

ಹೇಳಿದ್ದರು ಎಂದು ನಾನು ಡಾಕ್ಟರರಿಗೆ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕನಿಗೆ ಯಾವ ಶಬ್ದವೂ ತಡೆಯದಾಯಿತು. ತಾಟು ತಾಟಿಗೆ ತಾಗಿದರೆ ಕೈಯಿಂದ ಕಿವಿ ಮುಚ್ಚುತ್ತಿದ್ದರು. ಕುಕ್ಕರಿನ ಸೀಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಕುಕ್ಕರನ್ನು ಅಟ್ಟಕ್ಕೇರಿಸಿ ಬೋಗುಣಿಯಲ್ಲಿ ಬೇಳೆ ಬೇಯಿಸತೊಡಗಿದೆ. ಭಾಂಡಿ ಇಡುವ ಕಟ್ಟೆಗೆ ಹಳೆ ಚಾದರ ಹಾಸಿದೆ. ಕಾಲ್ಗೆಜ್ಜೆ ಹಾಕಿಕೊಂಡು ಬರುತ್ತಿದ್ದ ನೆರೆಮನೆಯ ಸೊಸೆ ತಾನಾಗಿಯೇ ಅವನ್ನು ಬಾಗಿಲಲ್ಲಿ ತೆಗೆದಿಟ್ಟು ಒಳಗೆ ಬರುತ್ತಿದ್ದಳು. ಕಂಪ್ರೆಸರನ್ನು ನಾನು ಪಂಕ್ಚರ್ ಅಂಗಡಿಯವನಿಗೆ ಕೊಟ್ಟುಬಿಟ್ಟೆ. ಏರ್ ಬ್ರಶ್ಶನ್ನು ತೊಳೆದು ಒರೆಸಿ ಪೆಟ್ಟಿಗೆಯಲ್ಲಿಟ್ಟೆ.

ಆರು ತಿಂಗಳು ಹೋಗಿರಬೇಕು. ಒಂದು ಮಧ್ಯಾಹ್ನ ನಾನು ಮೆಂತೆಪಲ್ಲೆ ಸೋಸುತ್ತ ಕೂತಿದ್ದೆ. ಅಕ್ಕ ಗೋಡೆಗೊರಗಿ ಕೂತವರು ಕೇಳಿದರು.

"ಚಿತ್ರಾ ಯಾಕ ಬಿಟ್ಟಿ?"

"ಬ್ಯಾಸರ ಆಗಿತ್ರಿ."

"ಸುಳ್ಳ ಹೇಳಬ್ಯಾಡ. ಅವಾಜ್ ಮಾಡದ ಮಷೀನ್ ಇರೂದಿಲ್ಲೇನು?"

"ಇರತಾವಂತ. ನನಗ ಬ್ಯಾಡ್ರಿ ಈಗ."

"ನಿನಗ ಬ್ಯಾಡಾದ್ರ ಬಿಡು. ನನಗ ಬೇಕು. ನೀ ಹಿಂಗ ಮಾರಿ ಸಣ್ಣ ಮಾಡ್ಕೊಂಡ ಕುಂತ್ರ ನನ್ನ ಸಲುವಾಗಿ ಕುಂತಂಗ ಆಗತೈತಿ. ಆ ಭಾರ ನನಗ ಬ್ಯಾಡ. ನಡಿ, ಹೋಗಿ ನೋಡೂಣು. ನನ್ನ ಕಿವಿ ಮುಂದ ಹಚ್ಚಿ ತೋರಸಲಿ."

ಹೀಗೆ ನಾವಿಬ್ಬರೂ ಕಂಪ್ರೆಸರ್ ನೋಡಲು ಹೊರಟೆವು. ಮೂವತ್ತು ವರ್ಷದಲ್ಲಿ ಮದುವೆ ಮುಂಜಿ ಸಾವು ಬಿಟ್ಟು ನಾವಿಬ್ಬರೇ ಎಲ್ಲಿಗೂ ಹೋದದ್ದಿರಲಿಲ್ಲ. ಅಕ್ಕ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು, ಮೇಲೆ ಸೆರಗು ಬಿಗಿಯಾಗಿ ಹೊದ್ದು, ಬಾಡಿಗೆ ಗಾಡಿಯಲ್ಲಿ ಕೂತರು.

ನಿಪ್ಪಾಣಿಯ ಅಂಗಡಿಯವನು ಮರಾಠಿ ಬೆರೆಸಿ ಮಾತಾಡುವ ಹುರುಪಿನ ಮನುಷ್ಯ. ನಾವು ಹೋದ ಕೂಡಲೇ ಹೊರಗೆ ನೋಡಿದ, ನಮ್ಮ ಹಿಂದೆ ಇನ್ನಾರಾದರೂ ಬರುತ್ತಾರೋ ಎಂದು.

"ಗಂಡಸರು ಯಾರೂ ಬಂದಿಲ್ಲೇನ್ರಿ ಮಾವಶಿ? ಅವರಿಗಾದ್ರ ತಿಳಿಸಿ ಹೇಳತಿದ್ದೆ."

"ಇದ್ದವರು ಹೋಗ್ಯಾರ. ನಮಗಽ ಹೇಳಪಾ" ಎಂದರು ಅಕ್ಕ.

ಅವನು ಒಂದು ಹೊಸ ಕಂಪ್ರೆಸರ್ ತಂದಿಟ್ಟ. "ಇದು ಆಯಿಲ್ ಇಲ್ಲದ್ದು. ಏಕದಮ್ ಶಾಂತ. ಡಬ್ಬಿ ಮ್ಯಾಲಽ ಸೈಲೆಂಟ್ ಅಂತ ಬರದಾರ ನೋಡ್ರಿ."

"ಡಬ್ಬಿ ಮ್ಯಾಲ ಬರದದ್ದು ಕಿವಿಗೆ ಕೇಳೂದಿಲ್ಲ. ಹಚ್ಚು."

ಅಕ್ಕ ಸ್ಟೂಲಿನ ಮೇಲೆ ಕೂತು ಕಿವಿಯ ಹತ್ತಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡರು. ಅವನು ಗುಂಡಿ ಒತ್ತಿದ. ನನಗೆ ಅದು ನಿಜಕ್ಕೂ ಮೆಲ್ಲಗೇ ಕೇಳಿತು, ಹಳೆಯದರ ಅರ್ಧವೂ ಇರಲಿಲ್ಲ. ಆದರೆ ಅಕ್ಕನ ಮುಖ ಬಿಳಿಚಿತು. ಎದ್ದು ಹೋಗಲಿಲ್ಲ. ತಡೆಯಲಾಗುತ್ತದೋ ಎಂದು ನೋಡುವವರಂತೆ ಕೂತೇ ಇದ್ದರು. ತುಟಿ ಅದುರತೊಡಗಿದಾಗ ನಾನೇ ಪ್ಲಗ್ ಕಿತ್ತೆ.

ಅಂಗಡಿಯವನಿಗೂ ಪಾಪ ಎನಿಸಿರಬೇಕು. ಒಳಗಿಂದ ಇನ್ನೊಂದು ತಂದ. ಅಂಗೈಯಗಲದ್ದು, ಕೇಕಿನ ಮೇಲೆ ಬಣ್ಣ ಹಾರಿಸುವವರು ಒಯ್ಯುತ್ತಾರಂತೆ. ಹಚ್ಚಿದರೆ ನೊಣ ಗುಂಯ್ಗುಟ್ಟಿದಷ್ಟೇ. ಅಕ್ಕ ತಲೆಯಾಡಿಸಿದರು. "ಇದು ನಡೀತೈತಿ. ಇದನ್ನಽ ತಗೋ."

ನಾನು ಏರ್ ಬ್ರಶ್ ಜೊತೆಗೇ ಒಯ್ದಿದ್ದೆ. ಜೋಡಿಸಿ ರಟ್ಟಿನ ಮೇಲೆ ಹಾರಿಸಿ ನೋಡಿದೆ. ಅದಕ್ಕೆ ಟಾಕಿಯೇ ಇಲ್ಲ. ಗಾಳಿ ಒಂದೇ ಸಮ ಬರದೆ ತಟಕು ತಟಕು ಬರುತ್ತಿತ್ತು. ಬಣ್ಣ ಮಂಜಾಗದೆ ಸಾಸಿವೆಯಂಥ ಚುಕ್ಕೆಗಳಾಗಿ ಬೀಳುತ್ತಿತ್ತು. ಚಲೋ ಐತ್ರಿ, ನಡೀತೈತಿ ಎಂದು ಹೇಳಲು ಬಾಯಿ ತೆರೆದೆ. ಅಕ್ಕ ರಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ನೀ ಮೊದಲ ಬರದದ್ದು ಹಿಂಗಿರಲಿಲ್ಲ. ಹಿಟ್ಟ ಉದುರಿಸಿದಂಗ ಇತ್ತು. ಇದು ಬ್ಯಾಡ."

ಅವರು ನನ್ನ ಚಿತ್ರ ನೋಡಿದ್ದರು ಎಂದು ನನಗೆ ತಿಳಿದದ್ದೇ ಆಗ. ನಾನಿಲ್ಲದಾಗ ಹಿಂದಿನ ಖೋಲಿಗೆ ಹೋಗಿ ನೋಡಿರಬೇಕು.

ಆಮೇಲೆ ತೆಲಸಂಗದ ಕಡೆ ಅಕ್ಕನ ತವರಿನಲ್ಲಿ ಒಂದು ಕಾರ್ಯಕ್ಕೆ ಹೋಗಿದ್ದಾಗ ಅವರ ದವಡೆಹಲ್ಲು ನೋಯಿತು. ಅಥಣಿಯಲ್ಲಿ ಹಲ್ಲಿನ ಡಾಕ್ಟರರ ಹತ್ತಿರ ಕರೆದೊಯ್ದೆ. ಡಾಕ್ಟರು ಬಾಯಿಯೊಳಗೆ ಗಾಳಿ ಊದಿದಾಗ ಅಕ್ಕ ಅವರ ಕೈ ಹಿಡಿದು ನಿಲ್ಲಿಸಿದರು. ನನಗೆ ಗಾಬರಿಯಾಯಿತು, ನೋವಾಯಿತೇನೋ ಎಂದು.

"ಈ ಗಾಳಿ ಬರೂ ಮಷೀನ್ ಎಲ್ಲೈತ್ರಿ? ನನಗ ಏನೂ ಕೇಳಸವಲ್ದು."

ಡಾಕ್ಟರು ನಕ್ಕು, ಹೊರಗಿನ ಕಪಾಟು ತೆರೆದು ತೋರಿಸಿದರು. ನಮ್ಮ ಮನೆಗೆ ಅದು ದೊಡ್ಡದು, ತುಟ್ಟಿಯದು. ಅವರೇ ಒಂದು ಉಪಾಯ ಹೇಳಿದರು. ಫ್ರಿಜ್ಜಿನಲ್ಲೂ ಕಂಪ್ರೆಸರ್ ಇರುತ್ತದೆ, ಹಗಲು ರಾತ್ರಿ ನಡೆದರೂ ನಿಮಗೆ ಕೇಳುತ್ತದೆಯೇ? ಬಲ್ಲ ಮೇಸ್ತ್ರಿ ಸಿಕ್ಕರೆ ಅದಕ್ಕೆ ಸಣ್ಣ ಟಾಕಿ ಜೋಡಿಸಿಕೊಡುತ್ತಾನೆ. ಆದರೆ ಎಲ್ಲ ಹೊಸ ಸಾಮಾನು ಹಾಕಿಸಿ, ಒತ್ತಡ ಮೀರಿದರೆ ತಾನೇ ಗಾಳಿ ಬಿಡುವ ವಾಲ್ವ್ ಇರಲೇಬೇಕು, ಅದನ್ನು ಮಾತ್ರ ಮರೆಯಬೇಡಿ ಎಂದರು.

ರಾಯಬಾಗದಲ್ಲಿ ಫ್ರಿಜ್ ರಿಪೇರಿ ಮಾಡುವವನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನ ತಲೆಯೂ ಅರ್ಧ ನರೆತಿದೆ. "ಬಾಯಾರ, ನೀವು?" ಎಂದು, ಸಾಲೆಯಲ್ಲಿ ಶಿಕ್ಷಕಿಯರನ್ನು ಕರೆಯುವ ಹಾಗೆಯೇ ಕರೆದು, ಎದ್ದು ನಿಂತ. ಕೆಲಸ ಕೇಳಿಸಿಕೊಂಡು ಹತ್ತು ದಿನದ ಮೇಲೆ ಬರಹೇಳಿದ. ನಾವು ಹೋದಾಗ ಮೇಜಿನ ಮೇಲೆ ಅದು ತಯಾರಾಗಿತ್ತು. ಕರಿ ಗುಂಡಗಿನ ಕಂಪ್ರೆಸರ್, ಪಕ್ಕದಲ್ಲಿ ಸಣ್ಣ ಟಾಕಿ, ಗಾಳಿಯ ಜೊತೆ ಬರುವ ನೀರು ಎಣ್ಣೆ ಹಿಡಿಯಲು ಒಂದು ಗಾಜಿನ ಬಟ್ಟಲು, ಕೆಳಗೆ ದಪ್ಪ ರಬ್ಬರಿನ ಕಾಲು. ಅಂಗಡಿಯ ಎದುರಿನ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಗದ್ದಲ. ಅವನು ಶಟರ್ ಎಳೆದು, ದೀಪ ಹಚ್ಚಿ, "ಈಗ ಕೇಳ್ರಿ ಅಕ್ಕಾರ" ಎಂದ.

ಅಕ್ಕ ಹತ್ತಿ ತೆಗೆದರು. ಅವನು ಸ್ವಿಚ್ ಹಾಕಿದ. ಅಕ್ಕ ಅವನನ್ನೇ ನೋಡುತ್ತ ಕೂತಿದ್ದರು.

"ಹಚ್ಚಪಾ."

"ಹಚ್ಚೇನ್ರಿ."

ಅಕ್ಕ ಬಗ್ಗಿ ಅಂಗೈಯನ್ನು ಅದರ ಮೇಲಿಟ್ಟರು. ಕಣ್ಣು ಮುಚ್ಚಿಕೊಂಡರು. "ಹೌದು, ನಡದೈತಿ" ಎಂದು, ನನ್ನ ಕಡೆ ತಿರುಗಿ, "ಇದು ನಮ್ಮ ಮನೀಗೆ ಬರ್ಲಿ" ಎಂದರು.

ಅದಕ್ಕೊಂದು ಕಟ್ಟಳೆ ಇತ್ತು. ಫ್ರಿಜ್ಜಿನ ಯಂತ್ರ ಬೇಗ ಕಾಯುತ್ತದೆ, ಇಪ್ಪತ್ತು ನಿಮಿಷ ನಡೆಸಿದರೆ ಇಪ್ಪತ್ತು ನಿಮಿಷ ಆರಲು ಬಿಡಬೇಕು ಎಂದು ಮೇಸ್ತ್ರಿ ಹೇಳಿದ್ದ. ಮೊದಲು ನನಗೆ ಅದು ತೊಂದರೆಯೆನಿಸಿತು. ಅಕ್ಕ ತಮ್ಮ ಚಾಪೆಯನ್ನು ಹಿಂದಿನ ಖೋಲಿಗೆ ತಂದು ಹಾಕಿಕೊಂಡರು. ನಾನು ಬಣ್ಣ ಹಾರಿಸುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೆ, ಅವರು ಕಿಟಕಿಯ ಹತ್ತಿರ ಕೂರುತ್ತಿದ್ದರು. ಯಂತ್ರ ಆರುವಾಗ ನಮಗೆ ಬೇರೆ ಕೆಲಸವಿರುತ್ತಿರಲಿಲ್ಲ. ಆಗ ಮಾತು ಬಂತು. ಮೂವತ್ತು ವರ್ಷ ಬಾರದ್ದು.

ಒಂದು ದಿನ ಅಕ್ಕ ಹೇಳಿದರು. "ನೀ ಸಾಲಿಗೆ ಹೋಗಾಕ ಏಳೂವರಿ ಬಸ್ ಹಿಡಿತಿದ್ದಿ. ನಿನ್ನ ಡಬ್ಬಿ ನಾ ಕಟ್ಟತಿದ್ದೆ. ಜ್ವರಾ ಬಂದಾಗೂ ಕಟ್ಟೀನಿ. ಉಂಡೀರೇನ್ರಿ ಅಕ್ಕಾ ಅಂತ ನೀ ಒಂದ ದಿನಾ ಕೇಳಲಿಲ್ಲ."

ನಾನು ಕೇಳಿರಲಿಲ್ಲ. ಆ ಡಬ್ಬಿ ತಾನಾಗಿ ತುಂಬುತ್ತದೆ ಎಂಬ ಹಾಗೆ ಕೈಗೆತ್ತಿಕೊಂಡು ಓಡಿದ್ದೆ. ಸಂಜೆ ಬಂದು ತೊಳೆಯಲು ಹಾಕಿದ್ದೆ.

"ಅಕ್ಕಾ, ಆವತ್ತ ನೀವು ತಲಿ ನೋಯತೈತಿ ಅಂದ್ರಿ. ನಾ ನಂಬಲಿಲ್ಲ" ಎಂದೆ.

"ನಂಬಲಿಲ್ಲ. ಗೊತ್ತೈತಿ ನನಗ."

ಮುಂದೆ ಏನಾದರೂ ಅನ್ನುತ್ತಾರೆ ಎಂದು ಕಾದೆ. ಬಿಡು ಎನ್ನಬಹುದು, ಬೈಯಬಹುದು. ಅವರು ಕಂಪ್ರೆಸರ್ ಮೇಲೆ ಕೈಯಿಟ್ಟು ನೋಡಿ, "ಆರೈತಿ. ಹಚ್ಚು" ಎಂದರು.

ಹೀಗೆ ಒಂದು ವರ್ಷ, ಮೇಲೆ ಸ್ವಲ್ಪ. ನಾನು ಬರೆದ ದ್ರಾಕ್ಷಿಯನ್ನು ನೋಡಿ ಅವರು ತಿದ್ದುತ್ತಿದ್ದರು. ಅವರ ತವರಿನಲ್ಲಿ ದ್ರಾಕ್ಷಿ ತೋಟವಿತ್ತು. "ಗೊಂಚಲದ ಒಳಗಿನ ಹಣ್ಣಿಗೆ ಅಷ್ಟ ಪುಡಿ ಇರೂದಿಲ್ಲ. ಮ್ಯಾಲಿಂದಕ್ಕ ಇರತೈತಿ" ಎನ್ನುತ್ತಿದ್ದರು. ಅವರು ಹೇಳಿದ್ದು ಸರಿಯಿರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ನನ್ನ ಮಾತನ್ನು ಎರಡು ಸಲ ಕೇಳತೊಡಗಿದರು. ಕಿವಿಗೆ ಹತ್ತಿ ಇಡುವುದನ್ನು ಮರೆಯತೊಡಗಿದರು. ತಾಟು ಕೈಜಾರಿ ಬಿದ್ದಾಗ ನಾನು ಬೆಚ್ಚಿ ನೋಡಿದೆ. ಅವರು ಅಕ್ಕಿ ಆರಿಸುತ್ತಲೇ ಇದ್ದರು. ಶಬ್ದದ ತ್ರಾಸು ಕಡಿಮೆಯಾಗುತ್ತಿದೆ, ಅಕ್ಕ ಗುಣವಾಗುತ್ತಿದ್ದಾರೆ ಎಂದು ನಾನು ಸಂತೋಷಪಟ್ಟೆ. ಮಗಳಿಗೆ ಫೋನ್ ಮಾಡಿ ಹೇಳಿದೆ ಕೂಡ.

ಆಮೇಲೊಂದು ದಿನ ನಾನು ಎಂದಿನಂತೆ ಕಂಪ್ರೆಸರ್ ಹಚ್ಚಿ ಚಿತ್ರಕ್ಕೆ ಕೂತಿದ್ದೆ. ಹತ್ತು ನಿಮಿಷವಾಗಿತ್ತು. ಕಿಟಕಿಯ ಹತ್ತಿರದಿಂದ ಅಕ್ಕ ಕೇಳಿದರು.

"ಯಾಕ, ಇವತ್ತ ಹಚ್ಚೂದಿಲ್ಲೇನು?"

ಬಾಯಿಗೆ ಕಟ್ಟಿದ ಬಟ್ಟೆ ತೆಗೆದು, ಹಚ್ಚೇನಲ್ರಿ ಎನ್ನಲು ಹೋದವಳು ತಡೆದೆ. ಶಟರ್ ಎಳೆದ ಅಂಗಡಿಯಲ್ಲಿ ಮೊದಲ ದಿನ ಕೇಳಿಸದಿದ್ದರೂ, ನಮ್ಮ ಖೋಲಿಯ ನಿಶ್ಶಬ್ದದಲ್ಲಿ ಅದರ ಗುಂಯ್‌ಗುಡುವಿಕೆ ಅವರಿಗೆ ಪ್ರತಿ ದಿನ ಕೇಳುತ್ತಿತ್ತು. ಟಾಕಿ ತುಂಬಿ ನಿಂತರೆ "ನಿಂತೈತಿ" ಎಂದು ಅವರೇ ಹೇಳುತ್ತಿದ್ದರು. ನಾನು ಕೈ ಹಿಂದೆ ಮಾಡಿ ಸ್ವಿಚ್ ಆರಿಸಿದೆ. "ಈಗ ಹಚ್ಚತೀನ್ರಿ" ಎಂದು ಗಟ್ಟಿಯಾಗಿ ಹೇಳಿ, ಅವರು ನೋಡುವ ಹಾಗೆ ಮತ್ತೆ ಹಚ್ಚಿದೆ. ಅವರು ಎದ್ದು ಬಂದು ಅದರ ಮೇಲೆ ಕೈಯಿಟ್ಟರು. ಬಿಸಿಯಾಗಿತ್ತು. ಆಗತಾನೇ ಹಚ್ಚಿದ ಯಂತ್ರ ಅಷ್ಟು ಬಿಸಿಯಿರುವುದಿಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಮುಖ ನೋಡಿದರು. ಚಾಪೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು.

ಮಿರಜಿನಲ್ಲಿ ಮತ್ತೆ ನೋಡಿದರು. ಗಡ್ಡೆ ತಿರುಗಿ ಬಂದಿತ್ತು. ಇನ್ನೊಮ್ಮೆ ಆಪರೇಶನ್ ಬೇಡ ಎಂದು ಅಕ್ಕನೇ ಹೇಳಿದರು. ಮಗಳು ಅತ್ತಳು, ನಾನೂ ಬೇಡಿಕೊಂಡೆ. ಅಷ್ಟರಲ್ಲಿ ಅವರಿಗೆ ನಮ್ಮ ಮಾತೂ ಕೇಳುತ್ತಿರಲಿಲ್ಲವಾದ್ದರಿಂದ ನಾನು ಚಿತ್ರದ ಕಾಗದದ ಹಿಂದೆ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದೆ. ಅವರು ಓದಿ, ಕಾಗದ ಮಡಿಚಿ ದಿಂಬಿನಡಿ ಇಟ್ಟುಕೊಂಡರು. "ಸಾಕು" ಎಂದರು.

ಮಾಘದಲ್ಲಿ ಒಂದು ಮಧ್ಯಾಹ್ನ ಮಗಳ ತೊಡೆಯ ಮೇಲೆ ತಲೆಯಿಟ್ಟು ಹೋದರು. ನಾನು ಅವರ ಅಂಗಾಲು ಹಿಡಿದುಕೊಂಡಿದ್ದೆ. ಬಸದಿಯ ಹೆಂಗಸರು ಕಿವಿಯ ಹತ್ತಿರ ಮಂತ್ರ ಹೇಳುತ್ತಿದ್ದರು. ಅವರಿಗೆ ಕೇಳುತ್ತಿಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ಬಹಳ ದಿನ ನಾನು ಕಂಪ್ರೆಸರ್ ಮುಟ್ಟಲಿಲ್ಲ. ಹೊದೆಸಿದ ಬಟ್ಟೆಯ ಮೇಲೆ ಧೂಳು ಕೂತಿತು. ರಾಯಬಾಗದ ಮೇಸ್ತ್ರಿ ಚಿಕ್ಕೋಡಿಗೆ ಬೇರೆ ಕೆಲಸಕ್ಕೆ ಬಂದವನು ನೋಡಿಕೊಂಡು ಹೋಗಲು ಬಂದ. ಅಕ್ಕಾರು ಎಲ್ಲಿ ಎಂದು ಕೇಳಿದ. ಹೇಳಿದೆ. ಅವನು ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಆಮೇಲೆ ಒಳಗೆ ಬಂದು ಕೂತು, ಟಾಕಿಯ ಕೆಳಗಿನ ತಿರುಪು ಬಿಚ್ಚಿದ. ತುಕ್ಕು ಬೆರೆತ ನೀರು ಬಟ್ಟಲು ತುಂಬ ಬಂತು.

"ಇದನ್ನ ಸುಮ್ನ ಇಡಬಾರದ್ರಿ ಬಾಯಾರ. ಒಳಗಿಂದ ತಿಂದ ಹೋಗತೈತಿ. ವಾರಕ್ಕೊಮ್ಮೆರೆ ಹಚ್ಚ್ರಿ."

ಅವನಿಗಾಗಿ ಅಲ್ಲ, ಅಕ್ಕನಿಗಾಗಿಯೂ ಅಲ್ಲ, ತುಕ್ಕು ಹಿಡಿಯಬಾರದು ಎಂದು ವಾರಕ್ಕೊಮ್ಮೆ ಹಚ್ಚತೊಡಗಿದೆ. ಹಚ್ಚಿದ ಮೇಲೆ ಸುಮ್ಮನೆ ಕೂರುವುದೇಕೆ ಎಂದು ಬಣ್ಣ ಬೆರೆಸಿದೆ. ಈಗ ಬರೆಯುತ್ತೇನೆ. ಮೊದಲಿಗಿಂತ ಚೆನ್ನಾಗಿ ಬರುತ್ತದೆ ಎಂದು ನೋಡಿದವರು ಹೇಳುತ್ತಾರೆ. ಆದರೆ ಆ ಮೊದಲ ಮೂರು ತಿಂಗಳ ಚಿತ್ರಗಳನ್ನು ಮಾತ್ರ ನಾನು ಯಾರಿಗೂ ತೋರಿಸುವುದಿಲ್ಲ, ಹರಿದು ಹಾಕಿಯೂ ಇಲ್ಲ.

ಇಚಲಕರಂಜಿಯಿಂದ ಅಕ್ಕನ ಮಗಳು ಪ್ರತಿ ದಿನ ಹೊತ್ತು ಮುಳುಗುವ ಮೊದಲು ಫೋನ್ ಮಾಡುತ್ತಾಳೆ. ಜೈನರಾದ ನಮ್ಮಲ್ಲಿ ಅಷ್ಟರೊಳಗೆ ಉಣ್ಣಬೇಕು, ಅಕ್ಕ ಅದನ್ನು ಎಂದೂ ತಪ್ಪಿಸಿದವರಲ್ಲ. ನೌಕರಿಯಲ್ಲಿದ್ದಾಗ ನಾನು ಹೊತ್ತು ಮುಳುಗುವುದರೊಳಗೆ ಉಂಡವಳೇ ಅಲ್ಲ. ಈಗ ಆ ಹೊತ್ತಿಗೆ ಒಲೆಯ ಮುಂದೆ ನಿಂತಿರುತ್ತೇನೆ.

"ಕಾಕೂ, ಊಟಾ ಆತೇನು?" ಎನ್ನುತ್ತಾಳೆ.

"ಆತ್ ನೋಡವಾ" ಎನ್ನುತ್ತೇನೆ. ಕೆಲವು ದಿನ ಅದು ಸುಳ್ಳಿರುತ್ತದೆ. ಫೋನ್ ಇಟ್ಟ ಮೇಲೆ ತಾಟು ಹಾಕಿಕೊಂಡು ಕೂರುತ್ತೇನೆ.